ಗೋಡೆ ತುಂಬ ಸ್ಟಾರ್‌ಗಳ ಫೋಟೊ ಇದ್ದರೆ ಅದು ಒಳ್ಳೆಯ ಫುಟ್‌ಬಾಲ್ ಅಕಾಡೆಮಿಯೇ?

“ಈ ಕ್ಲಬ್ಬಿನ ಅಕಾಡೆಮಿಯಲ್ಲಿ ಕಲಿತ ಹುಡುಗ ಇವತ್ತು ಕೋಟಿ ಕೋಟಿ ಸಂಪಾದಿಸುತ್ತಿದ್ದಾನೆ. ನಿಮ್ಮ ಮಗನೂ ನಾಳೆಯ ಮೆಸ್ಸಿ ಆಗಬಹುದು. ಸೀಟುಗಳು ಕೆಲವೇ ಉಳಿದಿವೆ. ಎಲ್ಲ ಗುಂಪುಗಳಿಗೂ ಕಳಿಸಿ.”

ಬೇಸಿಗೆ ರಜೆ ಹತ್ತಿರ ಬಂದಂತೆ ಇಂಥ ಒಕ್ಕಣೆಯ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡತೊಡಗುತ್ತವೆ. ಜೊತೆಗೊಂದು ವಿಡಿಯೊ: ಹಸಿರು ಮೈದಾನ, ಮಿಂಚುವ ಬೂಟು, ಗೋಡೆ ತುಂಬ ಖ್ಯಾತ ಆಟಗಾರರ ಫೋಟೊ. ನೋಡಿದವರಿಗೆ “ಆಹಾ, ಅಕಾಡೆಮಿ ಅಂದರೆ ಇದು” ಅನ್ನಿಸುವುದು ಸಹಜ. ಮಕ್ಕಳಿಗಂತೂ ಅಂದು ರಾತ್ರಿ ನಿದ್ದೆ ಬರುವುದಿಲ್ಲ.

ಈ ಸಂದೇಶಗಳಲ್ಲಿರುವ ಫೋಟೊ ನಿಜವಿರಬಹುದು, ಆ ಆಟಗಾರ ಅಲ್ಲಿ ಆಡಿದ್ದೂ ನಿಜವಿರಬಹುದು. ಹಾಗಾಗಿ ಇವನ್ನು ಪೂರ್ತಿ ಸುಳ್ಳು ಎಂದು ನಾವು ಹೇಳುತ್ತಿಲ್ಲ. ಆದರೆ ಇವು ಅರ್ಧ ಲೆಕ್ಕ. ಆ ಅರ್ಧ ಲೆಕ್ಕವನ್ನು ನಂಬಿ ಮಗುವಿನ ಓದು, ಮನೆಯ ಉಳಿತಾಯ, ಐದಾರು ವರ್ಷಗಳ ಬಾಲ್ಯ ಎಲ್ಲವನ್ನೂ ಪಣಕ್ಕಿಡುವವರಿದ್ದಾರೆ. ವೃತ್ತಿಪರ ಫುಟ್‌ಬಾಲ್ ಕ್ಲಬ್ಬಿನ ಕಿರಿಯರ ಅಕಾಡೆಮಿ ಒಳ್ಳೆಯದೋ ಅಲ್ಲವೋ ಎಂದು ಅಳೆಯುವುದು ಹೇಗೆ? ಬಾರ್ಸಿಲೋನಾ, ಚೆಲ್ಸಿಯಂಥ ಕ್ಲಬ್ಬುಗಳ ಉದಾಹರಣೆ ಇಟ್ಟುಕೊಂಡು ಒಂದೊಂದಾಗಿ ನೋಡೋಣ.

ಮೊದಲು ಒಂದು ಗೊಂದಲ ಬಿಡಿಸೋಣ: ಒಂದೇ ಹೆಸರು, ಎರಡು ಅಂಗಡಿ

“ಅಕಾಡೆಮಿ” ಎಂಬ ಪದವನ್ನು ಎರಡು ಬೇರೆ ಬೇರೆ ಸಂಗತಿಗಳಿಗೆ ಬಳಸಲಾಗುತ್ತದೆ.

ಒಂದು, ಫೀಸು ಕಟ್ಟಿದ ಯಾರನ್ನಾದರೂ ಸೇರಿಸಿಕೊಳ್ಳುವ ಫುಟ್‌ಬಾಲ್ ಶಾಲೆ. ವಾರಕ್ಕೆ ಎರಡು-ಮೂರು ದಿನ ಸಂಜೆ ಅಥವಾ ಭಾನುವಾರ ಬೆಳಿಗ್ಗೆ ತರಬೇತಿ. ದೊಡ್ಡ ದೊಡ್ಡ ವಿದೇಶಿ ಕ್ಲಬ್ಬುಗಳೂ ತಮ್ಮ ಹೆಸರು, ಜೆರ್ಸಿ, ಪಠ್ಯಕ್ರಮ ಕೊಟ್ಟು ಬೇರೆ ಬೇರೆ ದೇಶಗಳಲ್ಲಿ ಇಂಥ ಶಾಲೆ ನಡೆಸುತ್ತವೆ. ಇದರಲ್ಲಿ ತಪ್ಪೇನಿಲ್ಲ. ಮಗು ಓಡಾಡುತ್ತದೆ, ಗೆಳೆಯರು ಸಿಗುತ್ತಾರೆ, ಆಟ ಕಲಿಯುತ್ತದೆ.

ಇನ್ನೊಂದು, ಕ್ಲಬ್ ತನ್ನ ಮುಖ್ಯ ತಂಡಕ್ಕೆ ಬೇಕಾದ ಆಟಗಾರರನ್ನು ತಾನೇ ಬೆಳೆಸಲು ನಡೆಸುವ ಅಕಾಡೆಮಿ. ಇಲ್ಲಿ ಕ್ಲಬ್ ಮಕ್ಕಳನ್ನು ಹುಡುಕಿ ಆಯ್ಕೆ ಮಾಡುತ್ತದೆ. ತರಬೇತಿಯ ಖರ್ಚು ಕ್ಲಬ್ಬಿನದು, ಏಕೆಂದರೆ ಮುಂದೆ ಲಾಭವೂ ಅದರದ್ದೇ. ಬಾರ್ಸಿಲೋನಾ ಕ್ಲಬ್ಬಿನ ‘ಲಾ ಮಾಸಿಯಾ’ ಈ ಬಗೆಯದು. 1702ರಲ್ಲಿ ಕಟ್ಟಿದ ಒಂದು ತೋಟದ ಮನೆಯನ್ನು ಕ್ಲಬ್ 1979ರಲ್ಲಿ ದೂರದೂರಿನ ಹುಡುಗರ ವಸತಿಯಾಗಿ ಮಾಡಿತು. ಅಕಾಡೆಮಿಗೆ ಆ ಮನೆಯ ಹೆಸರೇ ನಿಂತಿತು. 2011ರಲ್ಲಿ ವಸತಿ ಹೊಸ ಕಟ್ಟಡಕ್ಕೆ ಹೋದರೂ ಹೆಸರು ಬದಲಾಗಲಿಲ್ಲ.

ಫೀಸು ಕಟ್ಟಿ ಸೇರುವ ಶಾಲೆಗೂ ಲಾ ಮಾಸಿಯಾಗೂ ಜೆರ್ಸಿಯ ಬಣ್ಣ ಒಂದೇ ಇರಬಹುದು. ಆದರೆ ಮೊದಲನೆಯದು ಎರಡನೆಯದರ ಬಾಗಿಲಲ್ಲ. ಹಾಗಾಗಿ ಮೊದಲ ಪ್ರಶ್ನೆ ಇದು: ಹಣ ಯಾರಿಂದ ಯಾರಿಗೆ ಹೋಗುತ್ತಿದೆ? ನಾವು ಕ್ಲಬ್ಬಿಗೆ ಕೊಡುತ್ತಿದ್ದರೆ ನಾವು ಗ್ರಾಹಕರು. ಕ್ಲಬ್ ನಮ್ಮ ಮಗುವಿನ ಮೇಲೆ ಖರ್ಚು ಮಾಡುತ್ತಿದ್ದರೆ ಮಾತ್ರ ಅದು ಆ ಮಗುವಿನ ಆಟದ ಮೇಲೆ ಬಂಡವಾಳ ಹಾಕುತ್ತಿದೆ ಎನ್ನಬಹುದು.

ಮೇಲಿನ ಸಂಖ್ಯೆ ತೋರಿಸುತ್ತಾರೆ, ಕೆಳಗಿನದ್ದು ಮುಚ್ಚಿಡುತ್ತಾರೆ

ಭಿನ್ನರಾಶಿಯಲ್ಲಿ ಗೆರೆಯ ಮೇಲಿರುವುದು ಅಂಶ, ಕೆಳಗಿರುವುದು ಛೇದ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಗೋಡೆಯ ಮೇಲಿನ ಫೋಟೊಗಳು ಬರೀ ಅಂಶ. ಛೇದ ಎಲ್ಲಿದೆ?

ಇದು ನಮಗೆ ಹೊಸದಲ್ಲ. ನೀಟ್, ಸಿಇಟಿ ಫಲಿತಾಂಶ ಬಂದ ಮರುದಿನ ಊರಿನ ಸರ್ಕಲ್‌ಗಳಲ್ಲಿ ಏಳುವ ಫ್ಲೆಕ್ಸ್‌ಗಳನ್ನು ನೆನಪಿಸಿಕೊಳ್ಳಿ. ರ‍್ಯಾಂಕ್ ಬಂದ ಹತ್ತು ಮಕ್ಕಳ ಫೋಟೊ ಇರುತ್ತದೆ. ಪರೀಕ್ಷೆ ಬರೆದ ಸಾವಿರ ಮಕ್ಕಳ ಲೆಕ್ಕ ಇರುವುದಿಲ್ಲ.

ಲೆಕ್ಕಕ್ಕಾಗಿ ಎರಡು ಅಕಾಡೆಮಿ ಊಹಿಸಿಕೊಳ್ಳಿ. ಮೊದಲನೆಯದು ಹತ್ತು ವರ್ಷದಲ್ಲಿ 600 ಮಕ್ಕಳನ್ನು ಸೇರಿಸಿಕೊಂಡು 6 ವೃತ್ತಿಪರ ಆಟಗಾರರನ್ನು ಕೊಟ್ಟಿದೆ. ಎರಡನೆಯದು 200 ಮಕ್ಕಳಿಂದ 4 ಮಂದಿಯನ್ನು ಕೊಟ್ಟಿದೆ. ಗೋಡೆ ನೋಡಿದರೆ ಮೊದಲನೆಯದೇ ಮುಂದೆ. ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ ನೂರಕ್ಕೆ ಒಬ್ಬ, ಎರಡನೆಯದರಲ್ಲಿ ನೂರಕ್ಕೆ ಇಬ್ಬರು.

ಇಷ್ಟಕ್ಕೇ ಲೆಕ್ಕ ಮುಗಿಯಲಿಲ್ಲ. ಎರಡನೆಯ ಅಕಾಡೆಮಿ ಬೇರೆಡೆ ಆಗಲೇ ಚೆನ್ನಾಗಿ ಆಡುತ್ತಿದ್ದ 15 ವರ್ಷದ ಹುಡುಗರನ್ನು ಆರಿಸಿ ತಂದಿದ್ದರೆ? ಹಾಲು ಕಾಯಿಸಿದವರೊಬ್ಬರು, ಕೆನೆ ತೆಗೆದವರು ಇನ್ನೊಬ್ಬರು. ಆದ್ದರಿಂದ “ಎಷ್ಟು ಮಂದಿ ಬಂದರು” ಎಂಬುದರ ಜೊತೆಗೆ “ಯಾವ ವಯಸ್ಸಿನಲ್ಲಿ, ಯಾವ ಮಟ್ಟದಲ್ಲಿ ಬಂದರು” ಎಂದೂ ಕೇಳಬೇಕು.

ಆಟಗಾರನನ್ನು ಬೆಳೆಸಿದ್ದು ಯಾರು?

2010ರ ಫಿಫಾ ಬ್ಯಾಲನ್ ಡಿ’ಓರ್ ಪ್ರಶಸ್ತಿಯ ಮೊದಲ ಮೂರು ಸ್ಥಾನ ಪಡೆದವರು ಮೆಸ್ಸಿ, ಇನಿಯೆಸ್ಟಾ ಮತ್ತು ಶಾವಿ. ಮೂವರೂ ಲಾ ಮಾಸಿಯಾದವರು. ಇನ್ನೊಂದು ಪ್ರಸಿದ್ಧ ದಿನ 2012ರ ನವೆಂಬರ್ 25. ಲೆವಾಂತೆ ವಿರುದ್ಧದ ಲೀಗ್ ಪಂದ್ಯದಲ್ಲಿ ಬಲಬದಿಯ ಡಿಫೆಂಡರ್ ಡ್ಯಾನಿ ಆಲ್ವೆಸ್ ಗಾಯಗೊಂಡು ಹೊರನಡೆದರು, ಮಾರ್ಟಿನ್ ಮಂತೋಯಾ ಒಳಬಂದರು. ಆ ಕ್ಷಣದಿಂದ ಬಾರ್ಸಿಲೋನಾದ ಹನ್ನೊಂದಕ್ಕೆ ಹನ್ನೊಂದೂ ಆಟಗಾರರು ಅದರದೇ ಅಕಾಡೆಮಿಯಿಂದ ಬಂದವರಾಗಿದ್ದರು. ಪಂದ್ಯವನ್ನು ತಂಡ 4–0 ಗೋಲುಗಳಿಂದ ಗೆದ್ದಿತು. ಈ ಸಂಗತಿ ಇಂದಿಗೂ ಹಂಚಿಕೆಯಾಗುತ್ತದೆ. ನಿಜವಾದ ಸಂಗತಿಯೇ.

ಆದರೆ ಆ ಹನ್ನೊಂದು ಹೆಸರುಗಳನ್ನು ಸ್ವಲ್ಪ ಹತ್ತಿರದಿಂದ ನೋಡಿ. ಶಾವಿ 11ನೇ ವಯಸ್ಸಿಗೆ, ಇನಿಯೆಸ್ಟಾ 12ಕ್ಕೆ ಸೇರಿದವರು. ಮೆಸ್ಸಿ 13ನೇ ವಯಸ್ಸಿಗೆ ಬರುವ ಹೊತ್ತಿಗೆ ಅರ್ಜೆಂಟೀನಾದ ನ್ಯೂವೆಲ್ಸ್ ಓಲ್ಡ್ ಬಾಯ್ಸ್ ಕ್ಲಬ್ಬಿನಲ್ಲಿ ಹಲವು ವರ್ಷ ಆಡಿದ್ದರು. ಪುಯೋಲ್, ಪೆಡ್ರೊ ಸೇರಿದ್ದು 17ರ ಸುಮಾರಿಗೆ. ಇನ್ನು ಫ್ಯಾಬ್ರೆಗಾಸ್ 16ಕ್ಕೇ ಆರ್ಸೆನಲ್‌ಗೆ, ಪಿಕೆ 17ಕ್ಕೆ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋಗಿ ಅಲ್ಲಿ ಬೆಳೆದು ಮರಳಿದವರು. ಜೋರ್ಡಿ ಆಲ್ಬಾ ಅವರನ್ನಂತೂ 2005ರಲ್ಲಿ ಅಕಾಡೆಮಿಯೇ ಕೈಬಿಟ್ಟಿತ್ತು. ವೆಲೆನ್ಸಿಯಾ ಕ್ಲಬ್ಬಿನಲ್ಲಿ ಹೆಸರು ಮಾಡಿದ ಮೇಲೆ 2012ರಲ್ಲಿ ಹಣ ಕೊಟ್ಟು ಮತ್ತೆ ಕರೆತಂದರು.

ಅಂದರೆ ಲಾ ಮಾಸಿಯಾ ದೊಡ್ಡದಲ್ಲವೇ? ದೊಡ್ಡದೇ. ಆದರೆ ‘ನಮ್ಮ ಅಕಾಡೆಮಿಯ ಆಟಗಾರ’ ಎಂಬ ಮಾತು ರಬ್ಬರಿನಂತೆ ಎಷ್ಟು ಬೇಕಾದರೂ ಎಳೆಯುತ್ತದೆ ಎಂಬುದು ಇಲ್ಲಿನ ಪಾಠ.

ಫುಟ್‌ಬಾಲ್ ಸಂಸ್ಥೆಗಳಿಗೂ ಈ ತೊಂದರೆ ಗೊತ್ತು. ಅದಕ್ಕೇ ಲಿಖಿತ ಅಳತೆಗಳನ್ನು ಇಟ್ಟುಕೊಂಡಿವೆ. ಯುರೋಪಿನ ಸಂಸ್ಥೆ ಯುಇಎಫ್‌ಎ ಪ್ರಕಾರ 15ರಿಂದ 21 ವರ್ಷದ ನಡುವೆ ಕನಿಷ್ಠ ಮೂರು ಋತು ಒಂದು ಕ್ಲಬ್ಬಿನಲ್ಲಿದ್ದವನೇ ‘ಕ್ಲಬ್ ಬೆಳೆಸಿದ ಆಟಗಾರ’. ಈ ಅಳತೆಯಲ್ಲಿ 17ಕ್ಕೆ ಬಂದ ಪುಯೋಲ್ ಬಾರ್ಸಿಲೋನಾ ಲೆಕ್ಕಕ್ಕೆ, 16ಕ್ಕೆ ಹೋದ ಫ್ಯಾಬ್ರೆಗಾಸ್ ಆರ್ಸೆನಲ್ ಲೆಕ್ಕಕ್ಕೆ! ಚಿಕ್ಕಂದಿನ ವರ್ಷಗಳ ಶ್ರಮ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಫಿಫಾದ ಇನ್ನೊಂದು ನಿಯಮ ಸ್ವಲ್ಪ ಹೆಚ್ಚು ನ್ಯಾಯವಾಗಿದೆ. ಆಟಗಾರನೊಬ್ಬ ಹಣಕ್ಕೆ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹೋದರೆ, ಆ ಮೊತ್ತದ ಶೇ 5ರಷ್ಟನ್ನು ಅವನು 12ರಿಂದ 23 ವರ್ಷದವರೆಗೆ ಕಲಿತ ಎಲ್ಲ ಕ್ಲಬ್ಬುಗಳಿಗೂ ಹಂಚಬೇಕು. 12ರಿಂದ 15ರವರೆಗಿನ ಪ್ರತಿ ವರ್ಷಕ್ಕೆ ಆ ಪಾಲಿನ ಶೇ 5, ಅನಂತರದ ಪ್ರತಿ ವರ್ಷಕ್ಕೆ ಶೇ 10. ಉದಾಹರಣೆಗೆ ಒಬ್ಬ ಆಟಗಾರ 100 ಕೋಟಿ ರೂಪಾಯಿಗೆ ಹೋದ ಎಂದುಕೊಳ್ಳಿ. ಹಂಚಬೇಕಾದದ್ದು 5 ಕೋಟಿ. 12ರಿಂದ 15ರವರೆಗೆ ನಾಲ್ಕು ವರ್ಷ ಕಲಿಸಿದ ಸಣ್ಣ ಕ್ಲಬ್ಬಿಗೆ 1 ಕೋಟಿ ಸಿಗುತ್ತದೆ. ಒಬ್ಬ ಆಟಗಾರ ಹಲವು ಕೈಗಳಲ್ಲಿ ಬೆಳೆಯುತ್ತಾನೆ ಎಂಬುದನ್ನು ಫಿಫಾದ ನಿಯಮವೇ ಒಪ್ಪಿಕೊಂಡಿದೆ. ಫಾರ್ವರ್ಡ್ ಸಂದೇಶ ಮಾತ್ರ ಒಪ್ಪುವುದಿಲ್ಲ.

13 ವರ್ಷದೊಳಗಿನವರ ಕಪ್ ಗೆದ್ದರೆ ಅದು ಒಳ್ಳೆಯ ಅಕಾಡೆಮಿಯೇ?

ಇದು ಎರಡನೆಯ ದೊಡ್ಡ ತಪ್ಪು ನಂಬಿಕೆ. ಇಲ್ಲಿ ವಿಜ್ಞಾನ ಬರುತ್ತದೆ.

ಹುಡುಗರಲ್ಲಿ ಎತ್ತರ ಸರ್ರನೆ ಏರುವ ಹಂತ ಸರಾಸರಿ 13–14ನೇ ವಯಸ್ಸಿನ ಆಸುಪಾಸು. ಆದರೆ ಕೆಲವರಿಗೆ ಅದು 12ಕ್ಕೇ ಬರುತ್ತದೆ, ಕೆಲವರಿಗೆ 15 ದಾಟಿದ ಮೇಲೆ. ಏಳನೇ ತರಗತಿಯ ಗ್ರೂಪ್ ಫೋಟೊ ತೆಗೆದು ನೋಡಿ. ಒಬ್ಬನಿಗೆ ಮೀಸೆ ಚಿಗುರುತ್ತಿರುತ್ತದೆ, ಪಕ್ಕದವನು ಇನ್ನೂ ಪುಟ್ಟ ಹುಡುಗ. ಇಬ್ಬರ ವಯಸ್ಸೂ ಒಂದೇ. ಬೇಗ ಬೆಳೆದವರನ್ನು ಆರಿಸಿಕೊಂಡು ಉದ್ದಕ್ಕೆ ಚೆಂಡು ಒದ್ದು ಓಡಿಸಿದರೆ ಆ ವಯಸ್ಸಿನ ಕಪ್ ಗೆಲ್ಲುವುದು ಕಷ್ಟವಲ್ಲ. ನಾಲ್ಕು ವರ್ಷದ ನಂತರ ಉಳಿದವರೂ ಬೆಳೆದು ನಿಂತಾಗ ಬರೀ ಮೈಕಟ್ಟನ್ನು ನಂಬಿದ್ದವನಿಗೆ ಆಟವೇ ಬಂದಿರುವುದಿಲ್ಲ.

ಇದಕ್ಕೆ ಹುಟ್ಟಿದ ತಿಂಗಳೂ ಸೇರುತ್ತದೆ. ವಯೋಮಿತಿಯ ಗಡಿ ಜನವರಿ 1 ಆದರೆ ಜನವರಿಯಲ್ಲಿ ಹುಟ್ಟಿದ ಮಗು ಡಿಸೆಂಬರ್‌ನಲ್ಲಿ ಹುಟ್ಟಿದ ಮಗುವಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡದು. ಹತ್ತು ವರ್ಷದ ಮಗುವಿಗೆ ಒಂದು ವರ್ಷ ಎಂದರೆ ಬದುಕಿನ ಹತ್ತನೇ ಒಂದು ಭಾಗ. ಅನೇಕ ದೇಶಗಳ ಅಕಾಡೆಮಿಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು ತುಂಬಿರುವುದನ್ನು ಅಧ್ಯಯನಗಳು ಮತ್ತೆ ಮತ್ತೆ ಕಂಡಿವೆ. “ಹಾಗಾದರೆ ರಾಶಿ-ನಕ್ಷತ್ರದ ಪ್ರಭಾವವೇ?” ಎಂದು ಕೇಳುವವರಿಗೆ ಬೆಲ್ಜಿಯಂ ಉತ್ತರ ಕೊಟ್ಟಿದೆ. ಅಲ್ಲಿ 1997ರಲ್ಲಿ ವಯಸ್ಸಿನ ಗಡಿಯನ್ನು ಆಗಸ್ಟ್ 1ರಿಂದ ಜನವರಿ 1ಕ್ಕೆ ಬದಲಿಸಿದರು. ಅದರ ಬೆನ್ನಲ್ಲೇ ‘ಪ್ರತಿಭಾವಂತರು ಹುಟ್ಟುವ ತಿಂಗಳು’ ಕೂಡ ಬದಲಾಯಿತು! ಗ್ರಹಗಳು ಅಲ್ಲೇ ಇದ್ದವು, ಬದಲಾದದ್ದು ನಿಯಮ ಮಾತ್ರ.

ಇದರ ಮೇಲೆ ವಯಸ್ಸಿನ ಮೋಸ ಬೇರೆ. ನಮ್ಮ ಹಿರಿಯರಲ್ಲಿ ಎಷ್ಟೋ ಜನರ ಶಾಲಾ ದಾಖಲೆಯಲ್ಲಿ ಮೇಷ್ಟ್ರು ಬರೆದುಕೊಂಡ ಜೂನ್ 1 ಜನ್ಮದಿನವಾಗಿರುವುದು ಎಲ್ಲರಿಗೂ ಗೊತ್ತು. ಅದು ಶಾಲೆಗೆ ಸೇರಿಸಲು ಮಾಡಿದ ಅನುಕೂಲ. ಆಟದಲ್ಲಿ ವಯಸ್ಸು ಕಡಿಮೆ ತೋರಿಸುವುದು ಇನ್ನೊಂದು ಮಗುವಿನ ಜಾಗ ಕಸಿಯುವ ಕೆಲಸ. ಇದನ್ನು ತಡೆಯಲು ಫಿಫಾ 2009ರ 17 ವರ್ಷದೊಳಗಿನವರ ವಿಶ್ವಕಪ್‌ನಿಂದ ಮಣಿಕಟ್ಟಿನ ಎಂಆರ್‌ಐ ಸ್ಕ್ಯಾನ್ ತಂದಿತು. ಅಲ್ಲಿನ ಮೂಳೆಯ ಬೆಳವಣಿಗೆಯ ಪದರ 17 ತುಂಬುವ ಮೊದಲೇ ಪೂರ್ತಿ ಕೂಡಿಕೊಳ್ಳುವುದು ತೀರಾ ಅಪರೂಪ ಎಂಬುದು ಇದರ ಹಿಂದಿನ ತರ್ಕ. ನಮ್ಮ ಕ್ರಿಕೆಟ್ ಮಂಡಳಿಯೂ ಕಿರಿಯ ಆಟಗಾರರಿಗೆ ಮಣಿಕಟ್ಟಿನ ಎಕ್ಸ್‌ರೇ ಮಾಡಿಸುತ್ತದೆ.

ಹಾಗಾಗಿ ಗಾಜಿನ ಬೀರುವಿನಲ್ಲಿರುವ ಕಪ್ಪುಗಳಿಗಿಂತ ಮುಖ್ಯವಾದ ಪ್ರಶ್ನೆ: ತಡವಾಗಿ ಬೆಳೆಯುವ ಮಗುವನ್ನು ಈ ಅಕಾಡೆಮಿ ಏನು ಮಾಡುತ್ತದೆ? ಇಂಗ್ಲೆಂಡಿನ ಅಕಾಡೆಮಿಗಳಲ್ಲಿ ಕೆಲವೊಮ್ಮೆ ವಯಸ್ಸಿನ ಬದಲು ದೇಹದ ಬೆಳವಣಿಗೆಯ ಹಂತ ನೋಡಿ ತಂಡ ಕಟ್ಟಿ ಪಂದ್ಯ ಆಡಿಸುತ್ತಾರೆ. ಚಿಕ್ಕವನಿಗೆ ಚೆಂಡು ಸಿಗುತ್ತದೆ. ದೊಡ್ಡವನಿಗೆ ಬರೀ ಬಲದಿಂದ ಗೆಲ್ಲಲಾಗದೆ ತಲೆ ಓಡಿಸುವುದು ಅನಿವಾರ್ಯವಾಗುತ್ತದೆ.

ಕೈಬಿಟ್ಟವರ ಕಥೆಗಳು ಹೇಳುವುದೇನು?

ಇಂಗ್ಲೆಂಡ್ ಪರ ಅತಿ ಹೆಚ್ಚು ಗೋಲು ಹೊಡೆದ ಹ್ಯಾರಿ ಕೇನ್ ಅವರನ್ನು ಆರ್ಸೆನಲ್ ಅಕಾಡೆಮಿ ಚಿಕ್ಕ ವಯಸ್ಸಿನಲ್ಲೇ ಬಿಟ್ಟುಬಿಟ್ಟಿತ್ತು. 2015–16ರಲ್ಲಿ ಲೆಸ್ಟರ್ ಸಿಟಿಗೆ ಪ್ರೀಮಿಯರ್ ಲೀಗ್ ಗೆಲ್ಲಿಸಿದವರಲ್ಲಿ ಒಬ್ಬರಾದ ಜೇಮಿ ವಾರ್ಡಿಯನ್ನು ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ ಹದಿಹರೆಯದಲ್ಲೇ ಕೈಬಿಟ್ಟಿತು. ಫ್ರಾನ್ಸಿನ ಗ್ರೀಜ್ಮನ್ ಅವರನ್ನು ಗಿಡ್ಡ ಎಂಬ ಕಾರಣಕ್ಕೆ ಅಲ್ಲಿನ ಹಲವು ಕ್ಲಬ್ಬುಗಳು ಬೇಡವೆಂದವು. ಅವರು ಸ್ಪೇನಿನ ರಿಯಲ್ ಸೊಸಿಯೆದಾದ್‌ನಲ್ಲಿ ಬೆಳೆದು 2018ರಲ್ಲಿ ಫ್ರಾನ್ಸ್‌ಗೇ ವಿಶ್ವಕಪ್ ಗೆದ್ದುಕೊಟ್ಟವರಲ್ಲಿ ಒಬ್ಬರಾದರು.

ಈ ಕಥೆಗಳೂ ‘ಛಲ ಬಿಡಬೇಡಿ’ ಎಂಬ ಸಾಲಿನೊಂದಿಗೆ ಫಾರ್ವರ್ಡ್ ಆಗುತ್ತವೆ. ಆದರೆ ಎಚ್ಚರ. ಇವೂ ಬರೀ ಅಂಶವೇ. ಕೈಬಿಟ್ಟ ಮೇಲೆ ಎದ್ದುಬಂದ ಒಬ್ಬ ವಾರ್ಡಿ ನಮಗೆ ಕಾಣುತ್ತಾನೆ, ಬರದೇ ಹೋದ ಸಾವಿರಾರು ಹುಡುಗರು ಕಾಣುವುದಿಲ್ಲ. ಇವುಗಳಿಂದ ಕಲಿಯಬೇಕಾದ್ದು ಒಂದೇ. ಅತ್ಯುತ್ತಮ ಅಕಾಡೆಮಿಗಳೂ ಹತ್ತು-ಹದಿನೈದರ ಮಗುವಿನ ಭವಿಷ್ಯವನ್ನು ನಿಖರವಾಗಿ ಹೇಳಲಾರವು. “ನಿಮ್ಮ ಮಗ ಖಂಡಿತ ಪ್ರೊಫೆಷನಲ್ ಆಗ್ತಾನೆ” ಎಂದು ಎಂಟನೇ ವಯಸ್ಸಿನ ಮಗುವಿನ ಬಗ್ಗೆ ಯಾರಾದರೂ ಭರವಸೆ ಕೊಟ್ಟರೆ ಅಲ್ಲೇ ಅನುಮಾನ ಪಡಬೇಕು.

ಬೆಳೆಸುವುದು ಒಂದು, ಬಾಗಿಲು ತೆರೆಯುವುದು ಇನ್ನೊಂದು

ಲಂಡನ್ನಿನ ಚೆಲ್ಸಿ ಕ್ಲಬ್ ಇದಕ್ಕೆ ಅತ್ಯುತ್ತಮ ಉದಾಹರಣೆ. ಅದರ ಕಿರಿಯರ ತಂಡ 2014ರಿಂದ 2018ರವರೆಗೆ ಸತತ ಐದು ಬಾರಿ ಎಫ್‌ಎ ಯೂತ್ ಕಪ್ ಗೆದ್ದಿತು. 2015, 2016ರಲ್ಲಿ ಯುರೋಪಿನ ಯೂತ್ ಲೀಗ್ ಕೂಡ ಅದರದ್ದೇ. ಆದರೂ ಆ ಹುಡುಗರಲ್ಲಿ ಮುಖ್ಯ ತಂಡದಲ್ಲಿ ನೆಲೆ ಕಂಡವರು ಬೆರಳೆಣಿಕೆಯಷ್ಟು. ಕ್ಲಬ್ ದುಡ್ಡು ಕೊಟ್ಟು ಸಿದ್ಧ ಆಟಗಾರರನ್ನು ತರುತ್ತಿತ್ತು, ತನ್ನ ಹುಡುಗರನ್ನು ಬೇರೆ ಕ್ಲಬ್ಬುಗಳಿಗೆ ಎರವಲು ಕಳಿಸುತ್ತಿತ್ತು.

2019ರಲ್ಲಿ ಫಿಫಾ ಚೆಲ್ಸಿಗೆ ಹೊಸ ಆಟಗಾರರನ್ನು ನೋಂದಾಯಿಸದಂತೆ ನಿಷೇಧ ಹಾಕಿತು. ಕೊಳ್ಳಲು ದಾರಿಯಿಲ್ಲದೆ ಕ್ಲಬ್ ಅಕಾಡೆಮಿಯ ಕಡೆ ತಿರುಗಿತು. ಮೇಸನ್ ಮೌಂಟ್, ರೀಸ್ ಜೇಮ್ಸ್, ಟ್ಯಾಮಿ ಅಬ್ರಹಾಂ ಮುಖ್ಯ ತಂಡಕ್ಕೆ ಬಂದರು. 2021ರಲ್ಲಿ ಚೆಲ್ಸಿ ಚಾಂಪಿಯನ್ಸ್ ಲೀಗ್ ಗೆದ್ದ ಫೈನಲ್‌ನಲ್ಲಿ ಮೌಂಟ್ ಮತ್ತು ಜೇಮ್ಸ್ ಇಬ್ಬರೂ ಆರಂಭದಿಂದಲೇ ಮೈದಾನದಲ್ಲಿದ್ದರು. ಅಕಾಡೆಮಿ ಅದೇ, ಹುಡುಗರು ಅದೇ. ಬದಲಾದದ್ದು ಬಾಗಿಲು.

ಮ್ಯಾಂಚೆಸ್ಟರ್ ಯುನೈಟೆಡ್ ಇದಕ್ಕೆ ಎದುರು ಉದಾಹರಣೆ. 1937ರ ಅಕ್ಟೋಬರ್‌ನಿಂದ ಅದರ ಪ್ರತಿ ಪಂದ್ಯದ ತಂಡದ ಪಟ್ಟಿಯಲ್ಲಿ ಅಕಾಡೆಮಿಯಿಂದ ಬಂದ ಒಬ್ಬನಾದರೂ ಇದ್ದಾನೆ. 2019ರ ಡಿಸೆಂಬರ್‌ನಲ್ಲಿ ಇಂಥ ಪಂದ್ಯಗಳ ಸಂಖ್ಯೆ 4,000 ಮುಟ್ಟಿತು. ಇದು ದೊಡ್ಡ ಸಾಧನೆ. ಆದರೆ ಪಟ್ಟಿಯಲ್ಲಿದ್ದು ಬೆಂಚಿನಲ್ಲಿ ಕೂತವನೂ ಈ ಲೆಕ್ಕದಲ್ಲಿ ಸೇರುತ್ತಾನೆ ಎಂಬುದು ನೆನಪಿರಲಿ. ಎಷ್ಟು ಮಂದಿ ತಂಡದಲ್ಲಿದ್ದಾರೆ ಎಂಬುದಕ್ಕಿಂತ ಎಷ್ಟು ನಿಮಿಷ ಆಡಿದ್ದಾರೆ ಎಂಬುದು ಹೆಚ್ಚು ನಂಬಬಹುದಾದ ಅಳತೆ.

ತಜ್ಞರು ಹೇಗೆ ಅಳೆಯುತ್ತಾರೆ?

2000ದ ಯುರೋ ಕಪ್‌ನಲ್ಲಿ ಜರ್ಮನಿ ಒಂದೂ ಪಂದ್ಯ ಗೆಲ್ಲದೆ ಗುಂಪಿನ ಕೊನೆಯ ಸ್ಥಾನಿಯಾಗಿ ಮನೆಗೆ ಹೋಯಿತು. ಆಮೇಲೆ ಅಲ್ಲಿ ಮೊದಲ ದರ್ಜೆಯ, ಅನಂತರ ಎರಡನೇ ದರ್ಜೆಯ ಕ್ಲಬ್ಬುಗಳೂ ಕಿರಿಯರ ಅಕಾಡೆಮಿ ನಡೆಸುವುದು ಕಡ್ಡಾಯವಾಯಿತು, ಇಲ್ಲದಿದ್ದರೆ ಲೀಗ್‌ನಲ್ಲಿ ಆಡಲು ಪರವಾನಗಿಯೇ ಇಲ್ಲ. ಅಕಾಡೆಮಿಗಳನ್ನು ಪರೀಕ್ಷಿಸಿ ನಕ್ಷತ್ರ ದರ್ಜೆ ಕೊಡಲು ಬೆಲ್ಜಿಯಂನ ‘ಡಬಲ್ ಪಾಸ್’ ಎಂಬ ಹೊರಗಿನ ಸಂಸ್ಥೆಯನ್ನು ಕರೆತಂದರು. 2014ರಲ್ಲಿ ಜರ್ಮನಿ ವಿಶ್ವಕಪ್ ಗೆದ್ದಿತು. ಗೆಲುವಿಗೆ ಇದೊಂದೇ ಕಾರಣವಲ್ಲ, ಆದರೆ ಫಲ ಸಿಗಲು ಹತ್ತು-ಹದಿನಾಲ್ಕು ವರ್ಷ ಬೇಕಾಯಿತು ಎಂಬುದನ್ನು ಗಮನಿಸಿ.

ಇಂಗ್ಲೆಂಡ್ 2012ರಿಂದ ತನ್ನ ಅಕಾಡೆಮಿಗಳನ್ನು ನಾಲ್ಕು ದರ್ಜೆಗಳಲ್ಲಿ ವಿಂಗಡಿಸುತ್ತದೆ. ಪೂರ್ಣಾವಧಿ ಕೋಚ್‌ಗಳು ಎಷ್ಟು, ತರಬೇತಿಯ ಗಂಟೆಗಳೆಷ್ಟು, ವೈದ್ಯಕೀಯ ವ್ಯವಸ್ಥೆ ಹೇಗಿದೆ, ಓದಿಗೆ ಏನು ಏರ್ಪಾಡು, ಮಕ್ಕಳ ಸುರಕ್ಷತೆ ನೋಡುವವರು ಯಾರು ಎಂಬುದೆಲ್ಲ ಇಲ್ಲಿ ಬರುತ್ತದೆ. ಇಂಥ ದರ್ಜೆ ಉಪಯುಕ್ತ. ಅದಕ್ಕೂ ಮಿತಿಯಿದೆ. ಅಡುಗೆಮನೆ ಚೊಕ್ಕವಾಗಿದೆ, ಸಾಮಾನೆಲ್ಲ ಇದೆ ಎಂದು ಅದು ಹೇಳುತ್ತದೆ. ಊಟ ರುಚಿಯಾಗಿದೆಯೇ ಎಂದು ತಿಳಿಯಲು ಉಂಡವರನ್ನೇ ಕೇಳಬೇಕು.

ಮಗುವಿನ ಮೈ, ಮನಸ್ಸು ಮತ್ತು ಓದು

ಅಳತೆಯಲ್ಲಿ ಎಲ್ಲರೂ ಮರೆಯುವ ಭಾಗ ಇದು. ಬೆಳೆಯುವ ವಯಸ್ಸಿನಲ್ಲಿ ಮೂಳೆ ಬೇಗ ಉದ್ದವಾಗುತ್ತದೆ. ಸ್ನಾಯು ಮತ್ತು ಸ್ನಾಯುರಜ್ಜು ಹಿಂದೆ ಬಿದ್ದು ಎಳೆತ ಹೆಚ್ಚಾಗುತ್ತದೆ. ಮಂಡಿಚಿಪ್ಪಿನ ಕೆಳಗೆ ಅಥವಾ ಹಿಮ್ಮಡಿಯಲ್ಲಿ ನೋವು ಕಾಣಿಸಿಕೊಳ್ಳುವುದು ಈ ವಯಸ್ಸಿನ ಆಟಗಾರರಲ್ಲಿ ಸಾಮಾನ್ಯ. “ನೋವು ತಡ್ಕೊಂಡು ಆಡು, ಗಟ್ಟಿಯಾಗ್ತೀಯ” ಎನ್ನುವ ಕೋಚ್ ಇರುವಲ್ಲಿ ಅಕಾಡೆಮಿ ಎಷ್ಟೇ ದೊಡ್ಡದಾದರೂ ಅದು ಒಳ್ಳೆಯದಲ್ಲ. ಆಗ ಬೇಕಾದ್ದು ಆಟದ ಹೊರೆ ಇಳಿಸುವುದು ಮತ್ತು ವೈದ್ಯರ ಸಲಹೆ.

ಗಾಯ ತಡೆಯುವುದಕ್ಕೆ ದುಬಾರಿ ಯಂತ್ರ ಬೇಕಿಲ್ಲ. 7ರಿಂದ 13 ವರ್ಷದ ಮಕ್ಕಳಿಗಾಗಿ ರೂಪಿಸಿದ ‘ಫಿಫಾ 11+ ಕಿಡ್ಸ್’ ಎಂಬ ಹದಿನೈದಿಪ್ಪತ್ತು ನಿಮಿಷದ ವಾರ್ಮ್‌ಅಪ್ ಅನ್ನು ಯುರೋಪಿನ ನಾಲ್ಕು ದೇಶಗಳ ಸುಮಾರು 3,900 ಮಕ್ಕಳ ಮೇಲೆ ಪರೀಕ್ಷಿಸಲಾಯಿತು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ ಇದನ್ನು ಮಾಡಿದ ತಂಡಗಳಲ್ಲಿ ಗಾಯಗಳು ಸುಮಾರು ಅರ್ಧದಷ್ಟು ಕಡಿಮೆಯಾದವು. ಒಂದು ಸಂಜೆ ಮೈದಾನದ ಅಂಚಿನಲ್ಲಿ ನಿಂತು ನೋಡಿ. ಮಕ್ಕಳಿಗೆ ಸರಿಯಾದ ವಾರ್ಮ್‌ಅಪ್ ಮಾಡಿಸುತ್ತಾರೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ.

ಇನ್ನು ಮನಸ್ಸು ಮತ್ತು ಓದು. ಅಕಾಡೆಮಿ ಸೇರಿದವರಲ್ಲಿ ಬಹುಪಾಲು ಮಕ್ಕಳು ಒಂದಲ್ಲ ಒಂದು ದಿನ “ನೀನು ಬೇಡ” ಎಂಬ ಮಾತು ಕೇಳುತ್ತಾರೆ. ಎಂಟು ವರ್ಷ ‘ಫುಟ್‌ಬಾಲ್ ಹುಡುಗ’ ಎಂದೇ ಕರೆಸಿಕೊಂಡವನಿಗೆ ಹದಿನೆಂಟಕ್ಕೆ ಆ ಗುರುತೇ ಹೋದರೆ ಆಘಾತ ಸಣ್ಣದಲ್ಲ. ಇಂಗ್ಲೆಂಡಿನ ಕ್ರಿಸ್ಟಲ್ ಪ್ಯಾಲೆಸ್ ಕ್ಲಬ್ 2022ರಲ್ಲಿ ತಾನು ಬಿಟ್ಟುಕಳಿಸಿದ ಯುವಕರಿಗೆ ಮೂರು ವರ್ಷ ನೆರವಾಗುವ ಕಾರ್ಯಕ್ರಮ ಆರಂಭಿಸಿದ್ದು ಇದೇ ಕಾರಣಕ್ಕೆ. ನಮ್ಮ ಅಭಿಪ್ರಾಯದಲ್ಲಿ ಅಕಾಡೆಮಿಯ ಗುಣವನ್ನು ಅಳೆಯುವ ನಿಜವಾದ ಜಾಗ ಇದು: ಗೆದ್ದವನನ್ನು ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಉಳಿದವರನ್ನು ಹೇಗೆ ಕಳಿಸಿಕೊಡುತ್ತಾರೆ?

“ಯುರೋಪ್ ಕ್ಲಬ್ಬಿಗೆ ನೇರ ಆಯ್ಕೆ” – ಇದನ್ನು ನಂಬಬೇಡಿ

ಹಣ ಕಳೆದುಕೊಳ್ಳುವ ಅಪಾಯ ಅತಿ ಹೆಚ್ಚಿರುವುದು ಇಲ್ಲಿ. ಹದಿನಾಲ್ಕರ ಮಗುವನ್ನು ಯುರೋಪಿನ ಕ್ಲಬ್ಬಿಗೆ ಸೇರಿಸುತ್ತೇವೆ, ಟ್ರಯಲ್‌ಗೆ, ವೀಸಾಗೆ ಇಷ್ಟು ಲಕ್ಷ ಕಟ್ಟಿ ಎನ್ನುವವರಿದ್ದಾರೆ. ಫಿಫಾ ನಿಯಮದ 19ನೇ ವಿಧಿಯಂತೆ 18 ತುಂಬದ ಆಟಗಾರನನ್ನು ಬೇರೆ ದೇಶದ ಕ್ಲಬ್ಬಿಗೆ ನೋಂದಾಯಿಸುವಂತಿಲ್ಲ. ವಿನಾಯಿತಿಗಳು ಕೆಲವೇ: ಫುಟ್‌ಬಾಲಿಗೆ ಸಂಬಂಧವಿಲ್ಲದ ಕಾರಣಕ್ಕೆ ತಂದೆತಾಯಿ ಆ ದೇಶಕ್ಕೆ ಹೋಗಿ ನೆಲೆಸಿದ್ದರೆ, ಯುರೋಪ್ ಒಕ್ಕೂಟದ ಒಳಗೇ 16 ದಾಟಿದವರು ಹೋಗುತ್ತಿದ್ದರೆ, ಗಡಿಯ ಹತ್ತಿರದ ಊರಿನವರಾಗಿದ್ದರೆ, ಹೀಗೆ.

ನಿಯಮ ಬರೀ ಕಾಗದದ ಮೇಲಿಲ್ಲ. ಇದನ್ನು ಮೀರಿದ್ದಕ್ಕೇ 2014ರಲ್ಲಿ ಬಾರ್ಸಿಲೋನಾಗೆ ಶಿಕ್ಷೆಯಾಯಿತು. ನಾವು ಮೇಲೆ ಹೇಳಿದ ಚೆಲ್ಸಿಯ 2019ರ ನಿಷೇಧಕ್ಕೂ ಇದೇ ಕಾರಣ. ಅಂಥ ಕ್ಲಬ್ಬುಗಳಿಗೇ ಬಿಡದ ನಿಯಮವನ್ನು ಊರಿನ ಏಜೆಂಟ್ ಒಬ್ಬ ದಾಟಿಸುತ್ತಾನೆ ಎಂದರೆ ನಂಬಬೇಕೇ? ಸೀಮೆ ನೋಡಿ ಬರುವ ಪ್ರವಾಸವೋ, ಒಂದು ವಾರದ ಶಿಬಿರವೋ ಆಗಬಹುದು. ಅದನ್ನು ‘ಆಯ್ಕೆ’ ಎನ್ನಲಾಗದು.

ನಮ್ಮಲ್ಲಿ ಹೇಗೆ ನೋಡಬೇಕು?

ಕರ್ನಾಟಕದ ಮಟ್ಟಿಗೆ ವೃತ್ತಿಪರ ಕ್ಲಬ್ ಎಂದರೆ ಮೊದಲು ನೆನಪಾಗುವುದು 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ. ಅದು ಬಳ್ಳಾರಿ ಜಿಲ್ಲೆಯ ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಆಯ್ಕೆಯಾದ ಹುಡುಗರಿಗೆ ವಸತಿ ಅಕಾಡೆಮಿ ಆರಂಭಿಸಿತು. ಮಕ್ಕಳಿಗಾಗಿ ಸಾಕರ್ ಸ್ಕೂಲ್‌ಗಳನ್ನು ಬೇರೆಯಾಗಿಯೇ ನಡೆಸಿದೆ. ಒಂದೇ ಕ್ಲಬ್, ನಾವು ಮೊದಲೇ ಹೇಳಿದ ಎರಡು ಬಗೆ. 2022ರಲ್ಲಿ ಶುರುವಾದ ಕಿರಿಯರ ಡೆವಲಪ್‌ಮೆಂಟ್ ಲೀಗ್‌ನ ಮೊದಲ ಆವೃತ್ತಿಯನ್ನು ಈ ಕ್ಲಬ್ಬಿನ ಹುಡುಗರೇ ಗೆದ್ದರು. ಇದನ್ನೂ ನಾವು ಚೆಲ್ಸಿಗೆ ಹಿಡಿದ ಅಳತೆಗೋಲಿನಿಂದಲೇ ನೋಡಬೇಕು: ಕಪ್ ಸಂತೋಷ, ಆದರೆ ಆ ಹುಡುಗರಿಗೆ ಐಎಸ್‌ಎಲ್‌ನಲ್ಲಿ ಸಿಕ್ಕ ನಿಮಿಷಗಳೆಷ್ಟು?

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಅಕಾಡೆಮಿಗಳಿಗೆ ಮಾನ್ಯತೆ ಮತ್ತು ನಕ್ಷತ್ರ ದರ್ಜೆ ಕೊಡುತ್ತದೆ. ಮಗುವನ್ನು ಸೇರಿಸುವ ಮೊದಲು ಈ ವರ್ಷದ ಮಾನ್ಯತೆ ಇದೆಯೇ ಎಂದು ನೋಡುವುದು ಮೊದಲ ಹೆಜ್ಜೆ. ಅದಾದ ಮೇಲೆ ಸಂಕೋಚ ಬಿಟ್ಟು ಈ ಪ್ರಶ್ನೆಗಳನ್ನು ಕೇಳಿ:

1. ಐದು ವರ್ಷದ ಹಿಂದೆ ಸೇರಿದ ತಂಡದಲ್ಲಿ ಎಷ್ಟು ಮಕ್ಕಳಿದ್ದರು? ಅವರೆಲ್ಲ ಈಗ ಎಲ್ಲಿದ್ದಾರೆ?
2. ಗೋಡೆಯ ಮೇಲಿರುವ ಆಟಗಾರ ಇಲ್ಲಿ ಯಾವ ವಯಸ್ಸಿನಿಂದ ಯಾವ ವಯಸ್ಸಿನವರೆಗೆ ಇದ್ದರು?
3. ಮುಖ್ಯ ತಂಡದಲ್ಲಿ ಕಳೆದ ಋತುವಿನಲ್ಲಿ ಅಕಾಡೆಮಿಯ ಹುಡುಗರು ಎಷ್ಟು ನಿಮಿಷ ಆಡಿದರು?
4. ನನ್ನ ಮಗುವಿನ ವಯಸ್ಸಿನವರಿಗೆ ಕಲಿಸುವ ಕೋಚ್ ಯಾರು, ಅವರ ಲೈಸೆನ್ಸ್ ಯಾವುದು? ಉದ್ಘಾಟನೆಗೆ ಬಂದ ವಿದೇಶಿ ಕೋಚ್ ಅಲ್ಲ, ದಿನಾ ಮೈದಾನಕ್ಕೆ ಬರುವವರು.
5. ಗಾಯವಾದರೆ ಯಾರು ನೋಡುತ್ತಾರೆ? ಖರ್ಚು ಯಾರದು?
6. ಶಾಲೆ ಯಾವುದು? ಎಸ್‌ಎಸ್‌ಎಲ್‌ಸಿ, ಪಿಯು ಪರೀಕ್ಷೆಯ ಸಮಯದಲ್ಲಿ ತರಬೇತಿ ಹೇಗೆ?
7. ಮಗುವಿಗೆ ತೊಂದರೆ ಆದರೆ, ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ, ಕೋಚ್‌ಗಿಂತ ಬೇರೆ ಯಾರಿಗೆ ಹೇಳಬೇಕು?
8. ಮಗುವನ್ನು ಬಿಡುವ ತೀರ್ಮಾನವನ್ನು ಯಾವಾಗ, ಹೇಗೆ ತಿಳಿಸುತ್ತೀರಿ?

ಉತ್ತರ ಎಲ್ಲವೂ ಚೆನ್ನಾಗಿಯೇ ಇರಬೇಕೆಂದಿಲ್ಲ. “ಮೂವತ್ತು ಮಂದಿಯಲ್ಲಿ ಇಬ್ಬರು ಕ್ಲಬ್ಬಿನಲ್ಲಿದ್ದಾರೆ, ಹತ್ತು ಮಂದಿ ಕಾಲೇಜಿನಲ್ಲಿ ಆಡುತ್ತಾ ಓದುತ್ತಿದ್ದಾರೆ, ಉಳಿದವರು ಆಟ ಬಿಟ್ಟರು” ಎಂದು ನೇರವಾಗಿ ಹೇಳುವ ಅಕಾಡೆಮಿಯನ್ನು, ಉತ್ತರದ ಬದಲು ಮತ್ತೊಂದು ವಿಡಿಯೊ ತೋರಿಸುವ ಅಕಾಡೆಮಿಗಿಂತ ಹೆಚ್ಚು ನಂಬಬಹುದು. ಸಾಧ್ಯವಾದರೆ ಅಲ್ಲಿಂದ ಹೊರಬಂದ ಮಗುವಿನ ತಂದೆತಾಯಿಯನ್ನು ಹುಡುಕಿ ಮಾತಾಡಿ. ಆ ಹತ್ತು ನಿಮಿಷದ ಮಾತು ಯಾವ ಬ್ರೋಷರ್‌ಗಿಂತಲೂ ಹೆಚ್ಚು ತಿಳಿಸುತ್ತದೆ.

ಕೊನೆಯದಾಗಿ

ಮಗು ಫುಟ್‌ಬಾಲ್ ಆಡಲಿ. ಸ್ಟಾರ್ ಆಗದಿದ್ದರೂ ಆಟದಿಂದ ಸಿಗುವ ಆರೋಗ್ಯ, ಗೆಳೆತನ, ಸೋಲು ಸಹಿಸುವ ಗುಣ ಎಲ್ಲವೂ ಲಾಭವೇ. ಆಸೆ ಪಡುವುದೂ ತಪ್ಪಲ್ಲ. ತಪ್ಪು ಇರುವುದು ಅರ್ಧ ಲೆಕ್ಕವನ್ನು ಪೂರ್ತಿ ಲೆಕ್ಕ ಎಂದು ನಂಬುವುದರಲ್ಲಿ.

ಮುಂದಿನ ಸಲ “ನಮ್ಮ ಅಕಾಡೆಮಿಯಿಂದ ಇಷ್ಟು ಜನ ಸ್ಟಾರ್ ಆದರು” ಎಂಬ ಸಂದೇಶ ಬಂದಾಗ ಫಾರ್ವರ್ಡ್ ಒತ್ತುವ ಮೊದಲು ಒಂದೇ ಒಂದು ಪ್ರಶ್ನೆಯನ್ನು ಅದೇ ಗುಂಪಿನಲ್ಲಿ ಹಾಕಿ: “ಎಷ್ಟು ಜನರಲ್ಲಿ?” ಉತ್ತರ ಬಂದರೆ ನಮಗೂ ತಿಳಿಸಿ.